ವಿಡಿಯೊ ಕಾಲ್‌ದಾಗ ಕೂಸು ಆಯಿ ಜೋಡಿ ಮಾತಾಡವಲ್ದು, ಏನ್ ಮಾಡೂದು?

ಸಪ್ತಾಪುರದ ಮಗಳು · ಮೇ 12

ಎಲ್ಲಾರಿಗೂ ನಮಸ್ಕಾರ. ನಾ ಧಾರವಾಡದಾಕಿ, ನಮ್ಮನಿಯವರು ಬೆಟಗೇರಿಯವರು. ಜರ್ಮನಿಗೆ ಬಂದು ನಾಕು ವರ್ಷ ಆತು, ಸ್ಟುಟ್‌ಗಾರ್ಟ್ ಹತ್ರ ಒಂದು ಸಣ್ಣ ಊರಾಗ ಇರ್ತೀವಿ. ಮಗ ಇಲ್ಲೇ ಹುಟ್ಟಿದಾಂವ, ಈಗ ಅವಗ ಮೂರು ವರ್ಷ ಎರಡು ತಿಂಗಳು.

ನಮ್ಮ ದಿನ ಹೆಂಗ ಹೋಗ್ತದ ಅಂತ ಮೊದಲ ಹೇಳಿಬಿಡ್ತೀನಿ, ಇಲ್ಲಂದ್ರ ನಾ ಕೇಳೂದು ತಿಳಿಯಂಗಿಲ್ಲ. ಮುಂಜಾನೆ ಆರೂವರಿಗೆ ಏಳ್ತೀವಿ. ಏಳೂಮುಕ್ಕಾಲಕ್ಕ ಅಂವ ಕಿಟಾದಾಗ ಇರಬೇಕು. ಕಿಟಾ ಅಂದ್ರ ನಮ್ಮ ಕಡೆ ಬಾಲವಾಡಿ ಇದ್ದಂಗ, ಆದ್ರ ಊಟ, ನಿದ್ದಿ ಎಲ್ಲಾ ಅಲ್ಲೇ. ಒಂದು ವರ್ಷ ತುಂಬಿದ ಕೂಸಿಗೆ ಜಾಗಾ ಕೊಡಲಿಕ್ಕೇಬೇಕು ಅಂತ 2013ರ ಆಗಸ್ಟ್‌ನಿಂದ ಇಲ್ಲೆ ಕಾಯ್ದೆ ಅದ. ಕಾಯ್ದೆ ಇದ್ರೂ ಜಾಗಾ ಸಿಗೂದು ಕಷ್ಟ. ನಮಗ ಅವನಿಗೆ ಎರಡು ತುಂಬಿದ ಮ್ಯಾಲ ಸಿಕ್ತು. ಸೇರಿಸಿದ ಮೊದಲ ಮೂರು ದಿನ ತಾಯಿನೋ ತಂದಿನೋ ಜೋಡಿ ಒಳಗ ಕೂಡಬೇಕು. ನಾಕನೇ ದಿನ "ಹತ್ತು ನಿಮಿಷ ಹೊರಗ ಇರ್ರಿ" ಅಂದ್ರು. ಆ ಹತ್ತು ನಿಮಿಷ ನಾ ಪಡಸಾಲ್ಯಾಗ ಮಕ್ಕಳ ಗಿಡ್ಡ ಬಾಕಿನ ಮ್ಯಾಲ ಅವನ ಬೂಟು ತೊಡಿ ಮ್ಯಾಲ ಇಟ್ಕೊಂಡು ಕೂತಿದ್ದೆ.

ಮಳಿ ಬರ್ಲಿ, ಹಿಮ ಬೀಳ್ಲಿ, ದಿನಾ ಹೊರಗ ಆಡಿಸ್ತಾರ. ನೀರು ಇಳಿಯದ ಚೊಣ್ಣ, ರಬ್ಬರ್ ಬೂಟು ಹಾಕಿ ಕೆಸರಿನ್ಯಾಗ ಬಿಟ್ಟುಬಿಡ್ತಾರ. ಸಂಜಿ ಮೂರೂವರಿಗೆ ಕರಕೊಂಡು ಬರೂಮುಂದ ಕಿಸೆದಾಗ ಮಣ್ಣು, ಕಡ್ಡಿ, ಬಸವನಹುಳದ ಚಿಪ್ಪು ಇರ್ತಾವ. ಇದೆಲ್ಲಾ ನನಗ ಖುಷಿನ.

ಕಷ್ಟ ಇರೂದು ಮಾತಿನ್ಯಾಗ. ಎರಡು ವರ್ಷದಾಂವ ಇದ್ದಾಗ "ಹಾಲು ಕೊಡು", "ಬ್ಯಾಡಂದ್ರ ಬ್ಯಾಡ" ಅಂತ ಛಂದಾಗಿ ಅಂತಿದ್ದ. ಈಗ ಆರು ತಿಂಗಳಿಂದ ನಾ ಕನ್ನಡದಾಗ ಕೇಳಿದ್ರ ಅಂವ ಜರ್ಮನ್‌ದಾಗ ಉತ್ತರ ಕೊಡ್ತಾನ.

ಸಂಜೀಕ ಬೆಟಗೇರಿಗೆ ವಿಡಿಯೊ ಕಾಲ್ ಮಾಡ್ತೀವಿ. ಕಾಲ್ ಬರೂ ಹೊತ್ತಿಗೆ ನಮ್ಮತ್ತಿ ಮಾರಿ ತೊಳಕೊಂಡು, ತಲಿ ಬಾಚಿಕೊಂಡು ಫೋನ್ ಮುಂದ ಕೂತಿರ್ತಾರ. "ಊಟ ಆತೇನೋ ಬಂಗಾರಾ? ಏನ್ ಉಂಡಿ? ಸಾಲ್ಯಾಗ ಏನ್ ಕಲಿಸಿದ್ರು? ಆಯಿ ನೆನಪಾಗ್ತಾಳೇನು?" ನಾ ಹಿಂದಿಂದ "ಹೇಳೋ, ಆಯಿಗೆ ಹೇಳೋ" ಅಂತ ತಿವೀತಿರ್ತೀನಿ. ನಿನ್ನಿ ಐತ್ವಾರ ಅಂವ "ನೈನ್" (ಜರ್ಮನ್‌ದಾಗ "ಇಲ್ಲ") ಅಂದಾಂವನ ಫೋನ್ ಬೋರಲು ಹಾಕಿ ಓಡಿಹೋದ. ಬೋರಲು ಬಿದ್ದ ಫೋನಿನೊಳಗಿಂದ ಅತ್ತಿಯವರು "ಹೋದೇನೋ? ಹೋದೇನೋ?" ಅನ್ನೂದು ಕೇಳಸ್ತಿತ್ತು. ಇವತ್ತು ಮುಂಜಾನೆ ಅವರು ಮಗನಿಗೆ ಒಬ್ಬಗ ಫೋನ್ ಮಾಡಿ "ಅವಂಗ ನಮ್ಮ ಮಾರಿ ಬ್ಯಾಸರ ಬಂದೈತೇನೋ?" ಅಂತ ಕೇಳ್ಯಾರ.

ಆ ಮಾತು ಎದ್ಯಾಗ ನಟ್ಟದ. ಏನ್ ಮಾಡಿದ್ರ ಈ ಕೂಸು ಅವರ ಜೋಡಿ ಮಾತಾಡೀತು? ತಿಳಿದವರು ಹೇಳ್ರಿ.

ಗೋಕುಲ ರೋಡ್ · ಮೇ 12

ತಂಗೀ, ನಾ ಹೇಳೂದು ಕೆಲವರಿಗೆ ಸೇರಲಿಕ್ಕಿಲ್ಲ. ನೀವು ಇರೂದು ಜರ್ಮನಿಯೊಳಗ, ಅವನ ಸಾಲಿ ಅಲ್ಲೇ, ಗೆಳ್ಯಾರು ಅಲ್ಲೇ. ಎರಡು ಮೂರು ಭಾಷಾ ತಲಿಯೊಳಗ ತುರುಕಿದ್ರ ಕೂಸು ಗೊಂದಲಕ್ಕ ಬೀಳ್ತದ. ನಮ್ಮ ಅಕ್ಕನ ಮಗನಿಗೆ ಪರದೇಶದಾಗ ಮಾತು ತಡ ಆದಾಗ "ಮನ್ಯಾಗ ಒಂದ ಭಾಷಾ ಆಡ್ರಿ" ಅಂತ ಸಾಲ್ಯಾಗ ಹೇಳಿದ್ರಂತ. ಸದ್ಯಕ್ಕ ಜರ್ಮನ್ ಗಟ್ಟಿ ಆಗ್ಲಿ, ಕನ್ನಡ ದೊಡ್ಡಾಂವ ಆದ ಮ್ಯಾಲ ಕಲೀತಾನ. ನಿಮ್ಮ ಅತ್ತಿಯವರಿಗೆ ನೀವ ತಿಳಿಸಿ ಹೇಳ್ರಿ.

ಹಾವೇರಿ ಹುಡುಗ, ಐಂಡ್‌ಹೋವನ್ · ಮೇ 12

ಅಕ್ಕಾರ, ನಮ್ಮನ್ಯಾಗೂ ಇದ ಐತ್ರಿ. ನಮ್ಮ ಮಗಳಿಗೆ ನಾಕು. ನೆದರ್ಲೆಂಡ್ಸ್ ಅನ್ನೂದೊಂದ ಫರಕು. ಯಾರರೆ ಉತ್ತರ ಕೊಡ್ರಿ, ನಾನೂ ಓದತಿರ್ತೀನಿ.

ಸ್ಪೀಚ್ ಥೆರಪಿಸ್ಟ್, ಧಾರವಾಡ · ಮೇ 13

ಗೋಕುಲ ರೋಡ್ ಅಣ್ಣಾವರು ಕಾಳಜಿಯಿಂದನ ಬರದಾರ. ಆದ್ರ ಅದನ್ನ ಹಂಗ ಬಿಟ್ರ ಓದಿದ ಯಾವುದೋ ತಾಯಿ ನಾಳಿಂದ ಮನ್ಯಾಗ ಕನ್ನಡ ನಿಲ್ಲಿಸಿಬಿಡ್ತಾಳ, ಅದಕ್ಕ ಇವತ್ತ ಬರೀಲಿಕ್ಕೆ ಹತ್ತೀನಿ.

ಎರಡು ಭಾಷಾ ಕಿವಿ ಮ್ಯಾಲ ಬಿದ್ರ ಕೂಸಿಗೆ ಮಾತು ತಡ ಆಗಂಗಿಲ್ಲ. ದೂರ ಯಾಕ, ನಮ್ಮ ಹುಬ್ಬಳ್ಳಿನ ನೋಡ್ರಿ. ಮನ್ಯಾಗ ಉರ್ದು, ಓಣ್ಯಾಗ ಕನ್ನಡ; ಮನ್ಯಾಗ ಸಾವಜಿ ಮಾತು, ಅಂಗಡ್ಯಾಗ ಕನ್ನಡ; ಮನ್ಯಾಗ ಕೊಂಕಣಿ, ಸಾಲ್ಯಾಗ ಇಂಗ್ಲಿಷ್. ಇಂಥಾ ಮನಿಗಳು ಸಾವಿರಾರು ಅವ. ಅವರ ತಾಯಂದಿರು ಇದೊಂದು ತೊಂದ್ರಿ ಅಂತ ನನ್ನ ಹತ್ರ ಬಂದದ್ದು ನನಗ ನೆನಪಿಲ್ಲ. ಪರದೇಶಕ್ಕ ಹೋದ ಕೂಡ್ಲೆ ಅದ ಮಾತು ಭಯ ಆಗ್ತದ.

ನಾವು ಕೂಸಿನ ಮಾತು ಲೆಕ್ಕ ಹಾಕೂಮುಂದ ಎಲ್ಲಾ ಭಾಷಾದ ಶಬ್ದ ಕೂಡಿಸಿ ಹಾಕ್ತೀವಿ. ಎರಡು ವರ್ಷಕ್ಕ ಯಾವ ಭಾಷಾದಾಗೂ ಎರಡು ಶಬ್ದ ಜೋಡಿಸಿ ಆಡವಲ್ದು, ಆಡತಿದ್ದ ಮಾತು ಬಿಟ್ಟುಬಿಟ್ಟದ, ಕರದ್ರ ತಿರುಗಿ ನೋಡವಲ್ದು, ಹಿಂಗಿದ್ರ ತಡಾ ಮಾಡದ ತೋರಿಸಬೇಕು, ಕಿವಿ ಪರೀಕ್ಷಾನೂ ಮಾಡಿಸಬೇಕು. ನಿಮ್ಮಾಂವ ಎರಡಕ್ಕ "ಬ್ಯಾಡಂದ್ರ ಬ್ಯಾಡ" ಅಂದಾನ. ನನಗ ಅಲ್ಲಿ ಹೆದರಿಕಿ ಏನೂ ಕಾಣವಲ್ದು. ಜರ್ಮನಿಯೊಳಗ ಮಕ್ಕಳ ತಪಾಸಣಿ ಸಾಲಾಗಿ ಇರ್ತಾವಲ್ಲ, ಮೂರು ವರ್ಷದ ಹೊತ್ತಿಗೆ ಯು7ಎ ಅಂತ ಒಂದು ಇರ್ತದ. ಅಲ್ಲೆ ಡಾಕ್ಟರಿಗೆ ಕೇಳ್ರಿ, ಅವರೂ ಮನಿ ಭಾಷಾ ಬಿಡಬ್ಯಾಡ್ರಿ ಅಂತನ ಹೇಳ್ತಾರ.

ನೀವು ಕನ್ನಡದಾಗ ಕೇಳಿದ್ದಕ್ಕ ಅಂವ ಜರ್ಮನ್‌ದಾಗ ಉತ್ತರ ಕೊಟ್ಟ ಅಂದ್ರ ಕನ್ನಡ ಅವಗ ತಿಳೀತು. ಅದು ಸಣ್ಣ ಮಾತಲ್ಲ. "ಕನ್ನಡದಾಗ ಹೇಳು" ಅಂತ ತಡೀಬ್ಯಾಡ್ರಿ. ಅಂವ "ಔಟೊ ಕಪುಟ್" ಅಂದ್ರ "ಹೌದಲ್ಲ, ಗಾಡಿ ಮುರೀತು, ಗಾಲಿ ಎಲ್ಲೆ ಹೋತು?" ಅಂತ ಮಾತು ಮುಂದುವರಿಸ್ರಿ. ಅವಗ ತನ್ನ ಮಾತಿಗೆ ಬೆಲಿ ಸಿಕ್ಕಂಗೂ ಆತು, ಕನ್ನಡದ ಶಬ್ದ ಕಿವಿಗೆ ಬಿದ್ದಂಗೂ ಆತು.

ಇನ್ನ ವಿಡಿಯೊ ಕಾಲ್. ಎರಡರಿಂದ ನಾಕು ವರ್ಷದ ಮಕ್ಕಳು ದಿನಕ್ಕ ಒಂದು ತಾಸಿಗಿಂತ ಹೆಚ್ಚು ಪರದೆ ಮುಂದ ಕೂಡಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳೇದ. ಅಮೆರಿಕದ ಮಕ್ಕಳ ಡಾಕ್ಟರ್ ಮಂದಿ ಮನಿಯವರ ಜೋಡಿ ಮಾಡೂ ವಿಡಿಯೊ ಕಾಲ್ ಅನ್ನ ಬ್ಯಾರೆ ಇಡ್ತಾರ, ಯಾಕಂದ್ರ ಆ ಕಡಿಗೆ ಇರೂ ಮನಷ್ಯಾ ಕೂಸು ನಕ್ರ ನಗ್ತಾನ, ಕೇಳಿದ್ರ ಹೇಳ್ತಾನ. ಕಾರ್ಟೂನು ಅದನ್ನ ಮಾಡಂಗಿಲ್ಲ. ಆದ್ರ ನಾವು ಆ ಕಾಲ್ ಅನ್ನ ಪರೀಕ್ಷಾ ಮಾಡಿಬಿಡ್ತೀವಿ. ಮುಂಜಾನೆ ಏನಾತು ಅಂತ ನೆನಸಿಕೊಂಡು, ಅಲ್ಲಿ ಇಲ್ಲದ ಮನಷ್ಯಾಗ ಬಿಡಿಸಿ ಹೇಳೂದು ಮೂರು ವರ್ಷದ ಕೂಸಿಗೆ ಭಾಳ ದೊಡ್ಡ ಕೆಲಸ. ಕಣ್ಣ ಮುಂದ ಇರೂದರ ಬಗ್ಗೆ ಆದ್ರ ಮಾತು ತಾನಾಗೇ ಬರ್ತದ.

ನಿಮಗ ಒಂದು ಕೇಳ್ತೀನಿ. ಹೊರಗ, ಬಸ್‌ಸ್ಟ್ಯಾಂಡಿನ್ಯಾಗ, ಅಂಗಡ್ಯಾಗ ನೀವಿಬ್ಬರೂ ಅವನ ಜೋಡಿ ಯಾವ ಭಾಷಾ ಆಡ್ತೀರಿ?

ಸಪ್ತಾಪುರದ ಮಗಳು · ಮೇ 13

ನಿಮ್ಮ ಕಡೀ ಪ್ರಶ್ನೆ ಓದಿ ಸುಮ್ಮನ ಕೂತೆ. ಹೊರಗ ನಾವು ಇಂಗ್ಲಿಷ್ ಆಡ್ತೀವಿ, ಇಲ್ಲಾ ನಂದು ಹರುಕು ಮುರುಕು ಜರ್ಮನ್. ಮಂದಿ ನೋಡ್ತಾರ, ಇವರು ಏನ್ ಅನ್ನಲಿಕ್ಕೆ ಹತ್ಯಾರೋ ಅಂದ್ಕೋತಾರ ಅಂತ ಸಂಕೋಚ. ಒಮ್ಮೆ ಟ್ರೇನಿನ್ಯಾಗ ಅವಗ ಕನ್ನಡದಾಗ ಜೋರಾಗಿ ಕರದಾಗ ಎದುರಿಗೆ ಕೂತಾಕಿ ತಲಿ ಎತ್ತಿ ನೋಡಿದ್ಲು, ಅವತ್ತಿಂದ ದನಿ ಇಳಿಸಿಬಿಟ್ಟೆ. ಕನ್ನಡ ಅಂದ್ರ ಮನಿ ಬಾಗಲಾ ಹಾಕಿದ ಮ್ಯಾಲ ಆಡೂದು ಅಂತ ನಾನ ಅವಗ ಕಲಿಸೇನಿ. ಇದು ನನಗ ಹೊಳದಿದ್ದಿಲ್ಲ.

ವಿದ್ಯಾನಗರದ ಆಯಿ · ಮೇ 14

ಮಗಳ, ನಾ ಹುಬ್ಬಳ್ಳಿಯಾಕಿ, ಅರವತ್ತೆಂಟು ವರ್ಷ. ನನ್ನ ಮಗಳು ಇಂಗ್ಲೆಂಡಿನ್ಯಾಗ ಅದಾಳ, ಮೊಮ್ಮಗಳಿಗೆ ಈಗ ಏಳು. ನಿಮ್ಮತ್ತಿ ಫೋನ್ ಮುಂದ ತಲಿ ಬಾಚಿಕೊಂಡು ಕುಂದರ್ತಾಳ ಅಂತ ಬರದಿಯಲ್ಲ, ಅದನ್ನ ಓದಿ ನನಗ ನಾನ ಕಂಡೆ. ನಾನೂ ಹಂಗ ಕುಂದರ್ತಿದ್ದೆ. ಮಾಸ್ತರ ಪಾಠ ಒಪ್ಪಿಸಿಕೊಂಡಂಗ ಒಂದರ ಹಿಂದ ಒಂದು ಕೇಳ್ತಿದ್ದೆ. ಕೂಸು ಮಾರಿ ತಿರುವೋದು, ನಾ ರಾತ್ರಿ ಊಟ ಬಿಡೂದು.

ಒಂದಿನ ಕಾಲ್ ಲಗೂನ ಬಂತು. ಸಂಜಿ ರೊಟ್ಟಿ ಬಡಿಯಾಕ ಕುಂತಿದ್ದೆ. "ಈಗ ಆಗಂಗಿಲ್ಲವ್ವಾ, ಕೈಯೆಲ್ಲಾ ಹಿಟ್ಟ ಐತಿ" ಅಂದೆ. ಮಗಳು "ಉಪ್ಪಿನ ಡಬ್ಬಿಗೆ ಆನಿಸಿ ಇಡವ್ವಾ, ಆಕಿ ನೋಡ್ಲಿ" ಅಂದ್ಲು. ಇಟ್ಟೆ. ಮೊಬೈಲಿಗೆ ನನ್ನ ಮಾರಿ ಕಾಣ್ತಿದ್ದಿಲ್ಲ, ಬರೇ ಕೈ, ಪರಾತ, ಹಂಚು.

ಜ್ವಾಳದ ಹಿಟ್ಟು ಗೋದಿಹಿಟ್ಟಿನಂಗಲ್ಲ, ಅದಕ್ಕ ಜಿಗಿ ಇಲ್ಲ. ಕುದಿಯೂ ಎಸರು ಹಾಕಿ ಕಲಿಸಿದ್ರನ ಕೂಡ್ತೈತಿ. ಎಸರು ಹಾಕಿದೆ, ಹೊಗಿ ಎದ್ದಂಗ ಆವಿ ಎದ್ದಿತು. ಮಿದ್ದಿದೆ, ಉಂಡಿ ಮಾಡಿದೆ, ಬಡದೆ. ಟಪಟಪ ಸಪ್ಪಳಕ್ಕ ಆ ಕಡಿಂದ ಒಂದು ಸಣ್ಣ ಕೈ ಟೇಬಲ್ ಬಡಿಯೂದು ಕೇಳ್ತು. ಹಂಚಿಗೆ ಹಾಕಿದೆ, ಮ್ಯಾಲ ಹಸಿ ಅರಬಿಲೆ ನೀರು ಸವರಿದೆ, ತಿರುವಿ ಹಾಕಿ ಅಂಚು ಒತ್ತಿದೆ. ರೊಟ್ಟಿ ನಡುವಿನಿಂದ ಎದ್ದು ಬುರಬುರ ಉಬ್ಬಿತು. ಕೂಸು ಬಾಯಿ ತಗದು ನೋಡಾಕತ್ತಿತ್ತಂತ, ಮಗಳು ಆಮ್ಯಾಲ ಹೇಳಿದ್ಲು. ಅವತ್ತು ನಾ ಒಂದೂ ಮಾತು ಕೇಳಲಿಲ್ಲ, ಆಕಿನೂ ಒಂದೂ ಮಾತು ಆಡಲಿಲ್ಲ. ಇಪ್ಪತ್ತು ನಿಮಿಷ ಕುಂತಿದ್ಲು. ಅದಕ್ಕೂ ಮೊದಲ ಆಕಿ ನನ್ನ ಮುಂದ ಎರಡು ನಿಮಿಷ ಕುಂತದ್ದಿಲ್ಲ.

ಹದಿನೈದು ದಿನ ಹಂಗ ಮಾಡಿದೆ. ಆಮ್ಯಾಲ ಆಕಿಗೆ ಕೆಲಸ ಹಚ್ಚಿದೆ. "ನನಗ ಕನ್ನಡಕ ಇಲ್ಲ, ರೊಟ್ಟಿ ಉಬ್ಬಿದ್ದು ಕಾಣಂಗಿಲ್ಲ, ನೀ ನೋಡಿ ಹೇಳವ್ವಾ" ಅಂದೆ. ಕನ್ನಡಕ ಖರೇನ ಬಿಚ್ಚಿ ಇಟ್ಟಿದ್ದೆ, ಎಸರಿನ ಆವಿಗೆ ಮಸಕ ಆಗತೈತಿ. ಮೂರನೇ ರೊಟ್ಟಿಗೆ "ಆಯೀ, ತಿರವು!" ಅಂತ ಒದರಿದ್ಲು. ನಾ ಆ ರೊಟ್ಟಿ ಒಂದು ಕಡೆ ಹೊತ್ತಿಸಿಬಿಟ್ಟೆ. ಕೈ ಓಡಲಿಲ್ಲ ಮಗಳ.

ಅದಕ್ಕ ನಿಮ್ಮತ್ತಿಗೆ ಹೇಳು, ಕೂಸಿಗೆ ಏನೂ ಕೇಳಬ್ಯಾಡ್ರಿ, ಏನರೆ ಕೆಲಸ ಮಾಡೂದು ಕಾಣೂ ಹಂಗ ಫೋನ್ ಇಡ್ರಿ ಅಂತ. ಸೊಪ್ಪು ಸೋಸೂದು, ಶೇಂಗಾ ಸುಲಿಯೂದು, ಹೂ ಕಟ್ಟೂದು, ಯಾವುದಾದ್ರೂ ಆತು. ಕೂಸಿನ ಮುಂದ ನೀನೂ ಒಂದು ಲಿಂಬಿಹಣ್ಣಿನಷ್ಟು ಹಿಟ್ಟು ಇಡು. ಎಸರು ನೀನ ಹಾಕು, ಆರಿದ ಮ್ಯಾಲ ಕೊಡು. ಹಿಂದಿಂದ "ಹೇಳೋ ಹೇಳೋ" ಅಂತ ತಿವಿಯೂದು ಮಾತ್ರ ಬಿಡು. ನನ್ನ ಮಗಳಿಗೂ ಇದನ್ನ ಬಿಡಿಸಾಕ ಭಾಳ ದಿನ ಹಿಡೀತು.

ಹಾವೇರಿ ಹುಡುಗ, ಐಂಡ್‌ಹೋವನ್ · ಮೇ 14

ಆಯಿಯವರ, ಇವತ್ತ ಅವ್ವಗ ಫೋನ್ ಮಾಡಿ ಓದಿ ಹೇಳ್ತೀನ್ರಿ.

ಅಕ್ಕಾರ, ವ್ಯಾಳ್ಯಾದ ಒಂದು ಮಾತು ಹೇಳ್ತೀನಿ, ನಾ ಇದರಾಗ ಪೆಟ್ಟು ತಿಂದೀನಿ. ಈಗ ಬ್ಯಾಸಗಿಯೊಳಗ ನಮಗೂ ಊರಿಗೂ ಮೂರೂವರಿ ತಾಸು ಫರಕು. ಊರಾಗ ಸಂಜಿ ಏಳೂವರಿ ಅಂದ್ರ ಇಲ್ಲೆ ನಾಕು ಗಂಟೆ, ಕೂಸು ಸಾಲಿಯಿಂದ ಬಂದಿರತೈತಿ, ಅವ್ವ ರೊಟ್ಟಿಗೆ ಕುಂತಿರ್ತಾಳ. ಸರಿ ಹೊಂದತೈತಿ. ಅಕ್ಟೋಬರ್ ಕಡೀ ಐತ್ವಾರ ಗಡಿಯಾರ ಒಂದು ತಾಸು ಹಿಂದ ಸರಿಸ್ತಾರ, ಆವಾಗ ಫರಕು ನಾಕೂವರಿ ತಾಸು ಆಗತೈತಿ. ನಮ್ಮ ನಾಕು ಗಂಟೆಗೆ ಊರಾಗ ಎಂಟೂವರಿ. ಅಡಿಗಿ ಮುಗದು ಅಪ್ಪಾರು ಹಾಸಿಗಿ ಹಾಸಿರ್ತಾರ. ಹೋದ ವರ್ಷ ನಾ ಇದನ್ನ ತಲಿಗೆ ಹಾಕ್ಕೊಳ್ಳಲಿಲ್ಲ, ಎರಡು ತಿಂಗಳು ಮಗಳಿಗೂ ಅವ್ವಗೂ ಒಬ್ಬರ ಮಾರಿ ಒಬ್ಬರು ಕಾಣಲಿಲ್ಲ ಅಂದ್ರೂ ನಡೀತೈತಿ. ಡಿಸೆಂಬರ್‌ದಾಗ ಎಂಟು ದಾಟಿದ ಮ್ಯಾಲ ಬೆಳಕು ಹರೀತೈತಿ, ನಾಕೂವರಿ ಸುಮಾರಿಗೆ ಕತ್ತಲ. ಕೂಸೂ ಮಂಕು, ನಾವೂ ಮಂಕು. ಈಗ ಚಳಿಗಾಲಕ್ಕ ಮುಂಜಾನಿ ಏಳಕ್ಕ ಮಾಡ್ತೀವಿ. ಊರಾಗ ಹನ್ನೊಂದೂವರಿ, ಅವ್ವ ಕಾಯಿಪಲ್ಯ ಹೆಚ್ಚೂ ಹೊತ್ತು. ಕೂಸು ಬ್ರೆಡ್ ತಿಂತೈತಿ, ಅವ್ವ ಬದನಿಕಾಯಿ ಹೆಚ್ಚತಾಳ.

ಬೆಟಗೇರಿ ಕಾಕಾ · ಮೇ 16

ನಾನೂ ಬೆಟಗೇರಿಯಾಂವ, ಮಗ್ಗದ ಮನಿಯಾಂವ. ನನ್ನ ಮಗ ಊಲ್ಮ್ ಅಂತ ಊರಾಗ ಅದಾನ, ಅದೂ ಜರ್ಮನಿನ. ಹೋದ ವರ್ಷ ನಾನು, ನಮ್ಮಾಕಿ ಹೋಗಿ ತೊಂಬತ್ತು ದಿನ ಇದ್ದು ಬಂದ್ವಿ. ಮಂದಿ ತಿಳಕೊಂಡಾರ, ಫೋನಿನ್ಯಾಗ ಮಾತಾಡದ ಕೂಸು ಎದುರಿಗೆ ಹೋದ್ರ ಮಾತಾಡತೈತಿ ಅಂತ. ಇಲ್ರಿ. ನನ್ನ ಮೊಮ್ಮಗ ಎಂಟು ದಿನ ನನ್ನ ಹತ್ರ ಸುಳೀಲಿಲ್ಲ. ನಮ್ಮಾಕಿ ಉಂಡಿ ಕೊಟ್ರ ತಗೊಂಡು ಕೋಣ್ಯಾಗ ಓಡಿಹೋಗ್ತಿದ್ದ.

ಒಂದಿನ ಮಗ ಸೊಸಿ ಇಬ್ಬರಿಗೂ ಆಫೀಸಿನ್ಯಾಗ ತಡ ಆತು. ನಾನ ಕೂಸಿನ್ನ ಕರಕೊಂಡು ಬರ್ತೀನಿ ಅಂತ ಕಿಟಾಕ್ಕ ಹೋದೆ. ಬಾಗಲದಾಗ ನಿಂತಾಕಿ ಕೂಸಿನ್ನ ಕೊಡಲಿಲ್ಲ. ತಾಯಿ ತಂದಿ ಬರದುಕೊಟ್ಟ ಯಾದ್ಯಾಗ ನನ್ನ ಹೆಸರಿಲ್ಲ ಅಂತ. ಮೊಮ್ಮಗ ಒಳಗಿಂದ ನನ್ನ ನೋಡಾಕತ್ತಾನ, ನಾ ಅವನ ಅಜ್ಜ ಅಂತ ಆಕಿಗೆ ಹೇಳಾಕ ನನಗ ಭಾಷಾ ಬರಂಗಿಲ್ಲ. ಅರ್ಧಾ ತಾಸು ಮಳ್ಯಾಗ ನಿಂತೆ. ನನಗ ಭಾಳ ಅಪಮಾನ ಆತು, ಮಗನ ಮ್ಯಾಲೂ ಸಿಟ್ಟು ಬಂತು. ರಾತ್ರಿ ವಿಚಾರ ಮಾಡಿದೆ. ಗುರ್ತಿಲ್ಲದಾಂವ ಬಂದು ಕೇಳಿದ್ರೂ ಆಕಿ ಹಂಗ ನಿಂದರ್ತಾಳ. ಅದು ಛಲೋನ. ಹೋಗಾಕಿಂತ ಮೊದಲ ಆ ಯಾದ್ಯಾಗ ಹೆಸರು ಬರಸ್ರಿ, ಇಷ್ಟ ನಾ ಹೇಳೂದು.

ಆ ಸೀಮ್ಯಾಗ ಒಂದು ಪದ್ಧತಿ ಐತಿ, ಕೇರ್‌ವೋಖೆ ಅಂತಾರ. ಪಾಳಿ ಬಂದ ವಾರ ಮೆಟ್ಟಿಲಾ, ಅಂಗಳಾ ಆಯಾ ಮನಿಯವರ ಗುಡಿಸಿ ಒರಸಬೇಕು. ಬಾಗಲಕ್ಕ ಒಂದು ಹಲಗಿ ತೂಗು ಹಾಕಿ ಹೋಗ್ತಾರ, ಈ ವಾರ ನಿಂದು ಅಂತ. ಶನಿವಾರ ನಾ ಕಸಬರಗಿ ಹಿಡಕೊಂಡು ಮೆಟ್ಟಿಲಕ್ಕ ಇಳದೆ. ಮೊಮ್ಮಗ ತನ್ನ ಸಣ್ಣ ಕಸಬರಗಿ ತಗೊಂಡು ಹಿಂದ ಬಂದ. ನಾ ಮ್ಯಾಲಿನ ಮೆಟ್ಟಿಲಾ, ಅಂವ ಕೆಳಗಿಂದು. ಕಡೀ ಮೆಟ್ಟಿಲಕ್ಕ ಬಂದಾಗ "ಅಜ್ಜಾ, ಇಲ್ಲಿ ಕಸ" ಅಂದ. ಎಂಟು ದಿನದ ಮ್ಯಾಲ ಮೊದಲನೇ ಮಾತು.

ಆಮ್ಯಾಲ ನಾ ಬಣ್ಣದ ಹಾಳಿ ಪಟ್ಟಿ ಪಟ್ಟಿ ಕತ್ತರಿಸಿ ಅವಗ ಹಾಸು-ಹೊಕ್ಕು ಕಲಿಸಿದೆ. ಒಂದು ಮ್ಯಾಲ, ಒಂದು ಕೆಳಗ. "ಮ್ಯಾಲ, ಕೆಳಗ, ಮ್ಯಾಲ, ಕೆಳಗ" ಅಂತ ಅಂದುಕೋತನ ಒಂದು ಅಂಗೈ ಅಗಲ ನೇಯ್ದ. ಅಂವ ನನಗೂ ಕಲಿಸ್ಯಾನ. ಅಲ್ಲೆ ಕೆಂಪು ದೀಪ ಇದ್ದಾಗ ಗಾಡಿ ಒಂದೂ ಇಲ್ಲಂದ್ರೂ ದಾಟಬಾರದು, ಅದೂ ಮಕ್ಕಳು ನೋಡೂ ಮುಂದ. ನಾ ಕಾಲು ಎತ್ತಿದ್ರ ಕೈ ಹಿಡದು ಜಗ್ಗತಿದ್ದ.

ಲಕ್ಷ್ಮೇಶ್ವರ · ಮೇ 16

ಕಾಕಾರ, ಹೋಗಾಕ ಏನೇನ್ ಬೇಕಾತ್ರಿ? ನಮ್ಮ ತಾಯಿಯವರೂ ಮಗಳ ಮನಿಗೆ ಹೊಂಟಾರ.

ಬೆಟಗೇರಿ ಕಾಕಾ · ಮೇ 17

ಪಾಸ್‌ಪೋರ್ಟ್ ನಾವು ಹುಬ್ಬಳ್ಳಿಯೊಳಗ ಮಾಡಿಸಿದ್ವಿ. ವೀಸಾಕ್ಕ ಮಗ ಅಲ್ಲಿ ಸರಕಾರಿ ಕಚೇರಿಯೊಳಗ "ಇವರ ಖರ್ಚು ನಂದು" ಅಂತ ಬರದುಕೊಟ್ಟ ಕಾಗದ, ಕನಿಷ್ಠ 30,000 ಯೂರೊದ ಪ್ರವಾಸದ ಆರೋಗ್ಯ ವಿಮಾ, ಬ್ಯಾಂಕಿನ ಕಾಗದ. ಇದಕ್ಕ ಶೆಂಗೆನ್ ವೀಸಾ ಅಂತಾರ, ಜರ್ಮನಿ ಕೂಡಿ ಯುರೋಪಿನ ಭಾಳ ದೇಶಕ್ಕ ಒಂದ ವೀಸಾ; ಯಾವುದ 180 ದಿನದಾಗ 90 ದಿನ ಅಷ್ಟ, ಒಂದು ದಿನ ಹೆಚ್ಚಿಗಿ ಇರಬ್ಯಾಡ್ರಿ. ಮನಿ ತುಪ್ಪಾ ಕಟ್ಟಿಕೊಡಬ್ಯಾಡ್ರಿ, ಹಾಲಿನ ಪದಾರ್ಥ ಒಳಗ ಬಿಡಂಗಿಲ್ಲ. ಹಸಿ ಕರಿಬೇವೂ ಬ್ಯಾಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ನಾವು ಒಯ್ದಿದ್ವಿ, ಯಾರೂ ಏನೂ ಅನ್ನಲಿಲ್ಲ. ಐತ್ವಾರ ಅಂಗಡಿ ಎಲ್ಲಾ ಮುಚ್ಚಿರ್ತಾವ, ಶನಿವಾರನ ಹಾಲು ತಂದಿಟ್ಟಿರಬೇಕು ಅಂತ ತಾಯಿಯವರಿಗೆ ಹೇಳ್ರಿ.

ಕಿಟೆಲ್ ಕಾಲೇಜ್ ಹಳೇ ವಿದ್ಯಾರ್ಥಿ · ಮೇ 18

ತಂಗೀ, ನೀವು ಇರೂ ಸೀಮಿ ಬಗ್ಗೆ ಒಂದು ಮಾತು. ಕನ್ನಡ ನಿಘಂಟು ಮಾಡಿದ ಕಿಟೆಲ್ ತೀರಿಕೊಂಡದ್ದು 1903ರಾಗ ಟ್ಯುಬಿಂಗನ್‌ದಾಗ. 1843ರಾಗ ಮಂಗಳೂರು ಸಮಾಚಾರ ಅನ್ನೂ ಕನ್ನಡ ಪತ್ರಿಕಾ ಹೊರಡಿಸಿದ ಮ್ಯೋಗ್ಲಿಂಗ್ ತೀರಿಕೊಂಡದ್ದು ಎಸ್‌ಲಿಂಗನ್‌ದಾಗ. ಎರಡೂ ನಿಮ್ಮ ಸ್ಟುಟ್‌ಗಾರ್ಟ್ ಸುತ್ತಮುತ್ತನ ಅವ. ಕಿಟೆಲ್ ನಮ್ಮ ನಾಡಿಗೆ ಬಂದಾಗ ಇಪ್ಪತ್ತೊಂದು ವರ್ಷದ ಹುಡುಗ, ಕನ್ನಡದ ಒಂದು ಅಕ್ಷರಾ ಮನ್ಯಾಗ ಕೇಳಿ ಬೆಳದಾಂವ ಅಲ್ಲ. ಮಂದಿ ಜೋಡಿ ಕೂತು ಶಬ್ದ ಶಬ್ದ ಕೂಡಿಸಿದ. ಆ ಊರಿನ ಟ್ರೇನಿನ್ಯಾಗ ನೀವು ನಿಮ್ಮ ಕೂಸಿನ್ನ ಕನ್ನಡದಾಗ ಗಟ್ಟಿಯಾಗಿ ಕರೀರಿ. ಯಾರರೆ ತಲಿ ಎತ್ತಿ ನೋಡಿದ್ರ ಯಾವ ಭಾಷಾ ಅಂತ ಹೇಳ್ರಿ.

ಗೋಕುಲ ರೋಡ್ · ಮೇ 18

ನಾ ಬರದದ್ದು ತಪ್ಪು ಅಂತ ತಿಳೀತು. ಥೆರಪಿಸ್ಟ್ ತಾಯಿಯವರು ಬರದದ್ದನ್ನ ಅಕ್ಕಗ ಕಳಿಸೇನಿ. ಆ ಹುಡುಗ ಈಗ ಹದಿಮೂರು ವರ್ಷದಾಂವ, ಅಜ್ಜಿ ಬಂದ್ರ "ಹಾಯ್" ಅಂದು ಒಳಗ ಹೋಗ್ತಾನ. ಈಗ್ಲೂ ಏನರೆ ಮಾಡ್ಲಿಕ್ಕೆ ಬರ್ತದೇನು?

ಸ್ಪೀಚ್ ಥೆರಪಿಸ್ಟ್, ಧಾರವಾಡ · ಮೇ 19

ಬರ್ತದ ಅಣ್ಣಾ. ಸೂಟಿಯೊಳಗ ಒಂದು ತಿಂಗಳು ಅವನ ವಾರಗಿ ಹುಡುಗರ ನಡುವ ಊರಾಗ ಬಿಡ್ರಿ, ಕ್ರಿಕೆಟ್ ಆಡ್ಲಿ. ಆ ವಯಸ್ಸಿಗೆ ಅಜ್ಜಿಗಿಂತ ಗೆಳ್ಯಾರಿಂದ ಲಗೂ ಬರ್ತದ.

ಸಪ್ತಾಪುರದ ಮಗಳು · ಜೂನ್ 27

ಎಲ್ಲಾರಿಗೂ ಉತ್ತರ ಕೊಡೂದು ತಡಾ ಆತು. ಏನಾತು ಅಂತ ಹೇಳ್ತೀನಿ.

ಮೊದಲನೇ ವಾರ ಏನೂ ಸರಿ ಹೋಗಲಿಲ್ಲ. ಅತ್ತಿಯವರಿಗೆ ಹೇಳಲಿಕ್ಕೆ ನನಗ ಹಿಂಜರಿಕಿ. "ನೀವು ಏನೂ ಕೇಳಬ್ಯಾಡ್ರಿ" ಅಂದ್ರ ಮನಸ್ಸಿಗೆ ಹಚ್ಚಿಕೊಂಡಾರು ಅಂತ. ನಮ್ಮನಿಯವರ ಕಡೆಯಿಂದ ವಿದ್ಯಾನಗರದ ಆಯಿಯವರು ಬರದದ್ದನ್ನ ಹಂಗ ಓದಿಸಿದೆ. ಅತ್ತಿಯವರು ಎರಡು ಸಲ ಓದು ಅಂದ್ರಂತ. ಮರುದಿನ ಫೋನು ಡಬ್ಬಿಗೆ ಆನಿಸಿ ಇಟ್ರು, ಅದು ಜಾರಿ ಪರಾತದಾಗ ಬಿತ್ತು. ಈ ಕಡೆ ನನ್ನ ಮಗ ಹಸಿ ಹಿಟ್ಟು ತಿಂದ. ನಾನೂ ಜೋಡಿ ಎರಡು ರೊಟ್ಟಿ ಬೇಯಿಸಲಿಕ್ಕೆ ಹೋದೆ, ಹೊಗಿಗೆ ಪಡಸಾಲ್ಯಾಗಿನ ಅಲಾರಾಂ ಒದರಿಕೊಂಡಿತು. ಇಲ್ಲೆ ಆ ಹೊಗಿ ಅಲಾರಾಂ ಎಲ್ಲಾ ಮನ್ಯಾಗೂ ಇರಲಿಕ್ಕೇಬೇಕು. ಈಗ ನಡುವಿನ ಬಾಗಲಾ ಹಾಕಿ, ಕಿಡಕಿ ತಗದು ಹಂಚು ಇಡ್ತೀನಿ. ರೊಟ್ಟಿ ಮಾಡೂವರು ಇದನ್ನ ಮರೀಬ್ಯಾಡ್ರಿ.

ಎರಡನೇ ವಾರದಿಂದ ಕೂತ. ಮಾತಿಲ್ಲ, ಆದ್ರ ಕೂತ. ಅವನ ರೊಟ್ಟಿ ಧಾರವಾಡ ಪೇಢೆದಷ್ಟ ಇರ್ತದ, ಐದು ಬೆರಳಿನ ಗುರ್ತು ಅದರ ಮ್ಯಾಲ. ಬಿಸಿ ಇದ್ದಾಗ ಬೆಲ್ಲ, ತುಪ್ಪ ಹಚ್ಚಿಕೊಟ್ರ ಅದನ್ನ ಫೋನಿಗೆ ತೋರಿಸಿ ತಿಂತಾನ. ಅತ್ತಿಯವರೀಗ ತಲಿ ಬಾಚಿಕೊಂಡು ಕೂಡಂಗಿಲ್ಲ. ಸೆರಗು ಸಿಗಿಸಿಕೊಂಡು, ಹಿಟ್ಟಿನ ಕೈಲೆ ಇರ್ತಾರ. ಅವರನ್ನ ನಾ ಹಂಗ ಮನ್ಯಾಗಿದ್ದಂಗ ನೋಡಿದ್ದು ಮದವಿ ಆದ ಹೊಸದಾಗಿ ಬೆಟಗೇರಿಯೊಳಗ ಇದ್ದಾಗ.

ಮೊನ್ನೆ ಬುಧವಾರ ಮಣ್ಣೆತ್ತಿನ ಅಮವಾಸಿ ಇತ್ತಲ್ಲ. ಅತ್ತಿಯವರು ಮೊದಲ ಹೇಳಿದ್ರು, "ಎರಿ ಮಣ್ಣು ತರಸೀನಿ, ಎತ್ತು ಮಾಡೂಣು, ಅವಂಗೂ ಮಣ್ಣು ಇಡು" ಅಂತ. ನಮ್ಮ ಹಿತ್ತಲದಾಗಿನ ಮಣ್ಣು ಬರೇ ಹರಳು, ಹಿಡಿಯೊಳಗ ನಿಲ್ಲಲಿಲ್ಲ. ಅಂಗಡಿಯಿಂದ ಜೇಡಿಮಣ್ಣಿನ ಪಾಕೀಟು ತಂದೆ. ಆ ಕಡೆ ಕರೇ ಮಣ್ಣು, ಈ ಕಡೆ ಬಿಳೇ ಮಣ್ಣು. ಅತ್ತಿಯವರು ಏನೂ ಕೇಳಲಿಲ್ಲ, ತಮ್ಮಷ್ಟಕ್ಕ ತಾವ "ಇದು ಹೊಟ್ಟಿ, ಇದು ಕಾಲು, ಇದು ಇಣಿ" ಅಂದುಕೋತ ಮಾಡ್ಲಿಕ್ಕೆ ಹತ್ತಿದ್ರು. ಎತ್ತು ಎತ್ತಿ ನಿಲ್ಲಿಸೂಮುಂದ ಒಂದು ಕ್ವಾಡು ಉದುರಿಬಿತ್ತು. ಅವರು ನೋಡಲಿಲ್ಲ.

"ಆಯೀ! ಕ್ವಾಡು ಇಲ್ಲ! ನಿನ್ನ ಎತ್ತಿಗೆ ಕ್ವಾಡು ಇಲ್ಲ!"

ನಾ ಹಿಂದ ನಿಂತಿದ್ದೆ. ಬಾಯಿ ಮ್ಯಾಲ ಕೈ ಇಟ್ಕೊಂಡೆ, ತಿವಿಯೂ ಚಾಳಿ ಬರಬಾರದು ಅಂತ. ಅತ್ತಿಯವರು ಒಂದು ಗಳಿಗಿ ಕೈ ನಿಲ್ಲಿಸಿ, "ಅಯ್ಯ, ಹೌದಲ್ಲ. ಹಂಗಾರ ನೀನ ಒಂದು ಮಾಡಿಕೊಡೋ" ಅಂದ್ರು. ಅಂವ ಒಂದಲ್ಲ, ಎರಡು ಮಾಡಿದ. ಮಾಡಿ "ತಗೋ" ಅಂತ ಫೋನಿಗೆ ಒತ್ತಿದ. ಹೋಗಲಿಲ್ಲ. "ತಗೋ ಆಯಿ, ತಗೋ" ಅಂತ ಮತ್ತ ಒತ್ತಿದ. ಪರದೆ ಎಲ್ಲಾ ಮಣ್ಣಾತು, ಕ್ವಾಡು ಒಂದು ಚಪ್ಪಟಿ ಆತು, ಆಮ್ಯಾಲ ಅಳಲಿಕ್ಕೆ ಶುರು ಮಾಡಿದ. ಅತ್ತಿಯವರು ಆ ಕಡಿಂದ "ಅಳಬ್ಯಾಡೋ ಬಂಗಾರಾ, ಇಟ್ಟಿರು, ನಾ ಬಂದಾಗ ಹಚ್ಚೂಣು" ಅಂದ್ರು.

ಜರ್ಮನಿಗೆ ಬರ್ತೀನಿ ಅಂತ ಅವರು ಒಮ್ಮೆನೂ ಅಂದಿದ್ದಿಲ್ಲ. ವಿಮಾನ ಅಂದ್ರ ಅಂಜಿಕಿ ಅವರಿಗೆ. ನಿನ್ನಿ ನಮ್ಮನಿಯವರಿಗೆ ಫೋನ್ ಮಾಡಿ ಪಾಸ್‌ಪೋರ್ಟಿಗೆ ಏನೇನ್ ಬೇಕು ಅಂತ ಕೇಳ್ಯಾರ. ಕಾಕಾರ, ನಿಮ್ಮ ಯಾದಿ ಅವರಿಗೆ ಕಳಿಸೇವಿ.

ನನ್ನ ಜೋಡಿ ಇನ್ನೂ ಜರ್ಮನ್ ಹೆಚ್ಚು ಆಡ್ತಾನ. ಆಡ್ಲಿ. ನಾ ಬಸ್‌ಸ್ಟ್ಯಾಂಡಿನ್ಯಾಗ ಕನ್ನಡ ಆಡ್ತೀನಿ ಈಗ, ದನಿ ಇಳಿಸಂಗಿಲ್ಲ. ಮೊನ್ನೆ ಬಾಜೂ ಮನಿ ಅಜ್ಜಿ, ಜರ್ಮನ್ ಅಜ್ಜಿ, ಅವಗ "ಬಾ ಇಲ್ಲೆ" ಅಂತ ಕರದ್ಲು. ನನ್ನ ಬಾಯಿಂದ ಕೇಳಿ ಕಲ್ತಾಳ.

ಚಪ್ಪಟಿ ಆದದ್ದನ್ನ ಮತ್ತ ಮಾಡಿ, ಎರಡೂ ಕ್ವಾಡು ಕಿಡಕಿ ಕಟ್ಟಿ ಮ್ಯಾಲ ಒಣಗಲಿಕ್ಕೆ ಇಟ್ಟಾನ. ಮುಂಜಾನೆ ಎದ್ದ ಕೂಡ್ಲೆ ಮೊದಲ ಅಲ್ಲೆ ಹೋಗಿ ನೋಡ್ತಾನ.

ವಿದ್ಯಾನಗರದ ಆಯಿ · ಜೂನ್ 27

ಮಗಳ, ಕಿಡಕಿಯಿಂದ ಲಗೂನ ತಗಿ. ಬಿಸಲಾಗ ಒಣಗಿದ್ರ ಮಣ್ಣು ಸೀಳತೈತಿ. ನೆರಳಾಗ ಇಟ್ಟು ಮ್ಯಾಲ ಹಸಿ ಅರಬಿ ಹೊಚ್ಚು, ನಾಕೈದು ದಿನ ಸಾವಕಾಶ ಒಣಗ್ಲಿ.